ಆರನೇ ತರಗತಿಯ ಕಬ್ಬಿಣದ ಬಾಗಿಲು

ಒಂದು ಬಡಾವಣೆಯಲ್ಲಿ ಒಬ್ಬ ವೈರ್‌ಮನ್ ಇದ್ದ. ಕೆಲಸದಲ್ಲಿ ಎತ್ತಿದ ಕೈ, ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಅದಕ್ಕೇ ಜನ ಅವನಿಗೆ ಫ್ಯೂಸಣ್ಣ ಎಂದು ಹೆಸರಿಟ್ಟಿದ್ದರು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಆರನೇ ತರಗತಿ.

ಒಂದು ಸಂಜೆ ಮಗಳು ಶಾಲೆಯಿಂದ ಬಂದವಳೇ ಬೆರಳು ಉಜ್ಜಿಕೊಳ್ಳುತ್ತ ಕೂತಳು. ಏನಾಯಿತೆಂದು ಕೇಳಿದರೆ, ಫ್ಯಾನಿನ ಸ್ವಿಚ್ ಮುಟ್ಟಿದರೆ ಜುಮ್ ಅನ್ನುತ್ತೆ, ಅದಕ್ಕೇ ಈಗೆಲ್ಲ ಸ್ಕೇಲಿನಲ್ಲಿ ಒತ್ತುತ್ತೇವೆ ಎಂದಳು. ಮರದ ಸ್ಕೇಲೋ ಸ್ಟೀಲಿನದೋ ಎಂದು ಅಪ್ಪ ಕೇಳಿದ.

"ಯಾವುದು ಸಿಗುತ್ತೋ ಅದು."

ಫ್ಯೂಸಣ್ಣ ಅಂದು ರಾತ್ರಿಯೇ ಇಕ್ಕಳ, ಟೆಸ್ಟರ್ ಎಲ್ಲ ಚೀಲಕ್ಕೆ ತುಂಬಿಟ್ಟ.

ಮರುದಿನ ಬೆಳಿಗ್ಗೆ ಅವನು ಚೀಲ ಹೆಗಲಿಗೇರಿಸಿ ಶಾಲೆಗೆ ಹೋದ. ಅರ್ಧ ದಿನದ ಕೆಲಸ, ದುಡ್ಡೂ ಬೇಡ, ನಾನೇ ಸರಿ ಮಾಡಿಕೊಡುತ್ತೇನೆ ಎಂದ. ಹೆಡ್ ಮೇಡಂ ಬೇಡವೆಂದರು. ಕಟ್ಟಡ ಶಿಕ್ಷಣ ಕಚೇರಿಗೆ ಸೇರಿದ್ದು, ಅದರ ವೈರು, ನಲ್ಲಿ, ಕಿಟಕಿ ಏನೇ ಇದ್ದರೂ ಕಚೇರಿಯವರು ಒಪ್ಪಿದ ಗುತ್ತಿಗೆದಾರನೇ ಮುಟ್ಟಬೇಕು, ಹೊರಗಿನವರು ಕೈ ಹಾಕಿ ಏನಾದರೂ ಆದರೆ ಯಾರು ಹೊಣೆ ಎಂದರು. ಪತ್ರ ಬರೆದಿದ್ದೇನೆ, ಬರುತ್ತಾರೆ ಎಂದೂ ಹೇಳಿದರು. ಮಾತು ಮೆತ್ತಗೇ ಇತ್ತು. ಆದರೆ ಫ್ಯೂಸಣ್ಣನಿಗೆ ಕೇಳಿಸಿದ್ದು 'ಹೊರಗಿನವರು' ಅನ್ನುವ ಒಂದೇ ಪದ. ನನ್ನ ಮಗಳು ಓದುವ ಶಾಲೆಗೆ ನಾನು ಹೊರಗಿನವನೇ ಎಂದು ದಾರಿಯುದ್ದಕ್ಕೂ ಗೊಣಗುತ್ತ ಬಂದ.

ಆ ಭಾನುವಾರ ಅವನ ಅಕ್ಕ ಮನೆಗೆ ಬಂದಳು. ಅವಳು ಪಕ್ಕದ ಪಟ್ಟಣದ ಶಾಲೆಯೊಂದರಲ್ಲಿ ಗುಮಾಸ್ತೆ. ಮೇಜಿನ ಮೇಲೆ ಬಿದ್ದಿದ್ದ ಪಾಲಕರ ಸಭೆಯ ಚೀಟಿಯನ್ನು ಅವಳೇ ಮೊದಲು ನೋಡಿದ್ದು. ರಿಪೇರಿ, ಕರೆಂಟು, ಪುಸ್ತಕ, ಪೀಠೋಪಕರಣಕ್ಕೆಂದು ಕಚೇರಿ ಇಟ್ಟುಕೊಳ್ಳುವ ಹಣವನ್ನು ಇನ್ನು ಮುಂದೆ ಆಯಾ ಶಾಲೆಯ ಖಾತೆಗೇ ಕೊಡುತ್ತಾರಂತೆ; ಮುಕ್ಕಾಲು ಪಾಲು ಪಾಲಕರು ಸಭೆಯಲ್ಲಿ ಸಹಿ ಹಾಕಿ ಒಪ್ಪಬೇಕಂತೆ; ಈ ತಿಂಗಳ ಕೊನೆಯೊಳಗೆ ಒಪ್ಪದಿದ್ದರೆ ಮತ್ತೆ ಮೂರು ವರ್ಷ ಕಾಯಬೇಕಂತೆ. ಚೀಟಿಯಲ್ಲಿ ಇದ್ದದ್ದು ಇಷ್ಟು.

"ಸಹಿ ಹಾಕ್ತೀಯಾ?" ಎಂದು ಅಕ್ಕ ಕೇಳಿದಳು.

"ಯಾಕೆ ಹಾಕ್ಲಿ? ಆಫೀಸಲ್ಲಾದ್ರೆ ಹತ್ತು ಜನ ನೋಡ್ತಾರೆ. ಇಲ್ಲಿ ಆ ಮೇಡಂ ಒಬ್ಬರ ಕೈಗೆ ಕೊಟ್ರೆ ಬೇಲಿನೇ ಎದ್ದು ಹೊಲ ಮೇಯುತ್ತೆ."

"ಒಬ್ಬರ ಕೈಗೆ ಯಾರು ಕೊಡ್ತಾರೆ? ನಮ್ಮಲ್ಲಿ ಚೆಕ್ಕಿಗೆ ಎರಡು ಸಹಿ. ಒಂದು ಹೆಡ್ ಮಾಸ್ಟರ್‌ದು, ಇನ್ನೊಂದು ಪಾಲಕರಲ್ಲಿ ಒಬ್ಬರದು. ಮೂರು ಅಂಗಡಿಯಿಂದ ದರ ತರಿಸ್ತೀವಿ. ಖರ್ಚಾಗಿದ್ದನ್ನ ಗೇಟಿನ ಹತ್ರ ಅಂಟಿಸ್ತೀವಿ. ವರ್ಷಕ್ಕೊಮ್ಮೆ ಹೊರಗಿನ ಲೆಕ್ಕಿಗರು ಬಂದು ತಪಾಸಣೆ ಮಾಡ್ತಾರೆ."

ಫ್ಯೂಸಣ್ಣ ನಂಬಲಿಲ್ಲ. ನಿಮ್ಮ ಶಾಲೆಯಲ್ಲಿ ಎಲ್ಲ ಹಾಲು ಜೇನಾಗಿದೆಯೋ ಎಂದು ಕೆಣಕಿದ. ಅಕ್ಕ ಸುಳ್ಳು ಹೇಳುವವಳಲ್ಲ. ಮೊದಲ ವರ್ಷ ನಾವೂ ಎಡವಿದೆವು ಎಂದು ಒಪ್ಪಿಕೊಂಡಳು. ಬಂದ ಹಣವನ್ನೆಲ್ಲ ಖುಷಿಯಲ್ಲಿ ಗ್ರಂಥಾಲಯಕ್ಕೆ ಸುರಿದರಂತೆ. ಆಮೇಲೆ ನೀರಿನ ಪಂಪು ಸುಟ್ಟಾಗ ಕೈ ಬರಿದಾಗಿತ್ತು. ಒಂದು ತಿಂಗಳು ಮಕ್ಕಳು ಮನೆಯಿಂದ ನೀರು ಹೊತ್ತರಂತೆ. ಈಗ ಮೊದಲು ತುರ್ತಿಗೆಂದು ಒಂದು ಪಾಲು ಎತ್ತಿಟ್ಟೇ ಉಳಿದದ್ದನ್ನು ಹಂಚುತ್ತಾರಂತೆ.

"ಜಾಸ್ತಿ ದುಡ್ಡೇನೂ ಬರಲ್ಲ ಕಣೋ. ಟೀಚರ್‌ಗಳ ಸಂಬಳ ಆಫೀಸೇ ಕೊಡುತ್ತೆ. ಬರೋ ಅಷ್ಟರಲ್ಲೇ ಯಾವುದು ಮೊದಲು, ಯಾವುದು ಆಮೇಲೆ ಅಂತ ಇಲ್ಲಿರೋರು ತೀರ್ಮಾನ ಮಾಡ್ಬಹುದು, ಅಷ್ಟೇ. ಆಫೀಸಿನೋರೂ ಕೆಟ್ಟವರಲ್ಲ. ತೊಂಬತ್ತು ಶಾಲೆಗೆ ಇಬ್ಬರು ಇಂಜಿನಿಯರು. ನಿನ್ನ ಮಗಳ ಸ್ವಿಚ್ಚು ಅವರಿಗೆ ಹೇಗೆ ಕಾಣಬೇಕು?"

ತಮ್ಮನ ತಲೆಗೆ ಹೋಗಲಿಲ್ಲ. ಹೆಂಡತಿಯೂ ಹೊಲಿಗೆ ಯಂತ್ರದಿಂದ ತಲೆಯೆತ್ತದೆ, ನಮಗೇಕೆ ಊರ ಉಸಾಬರಿ ಎಂದಳು. ಫ್ಯೂಸಣ್ಣ ಅಷ್ಟಕ್ಕೇ ನಿಲ್ಲಲಿಲ್ಲ. ಕೆಲಸಕ್ಕೆ ಹೋದ ಮನೆಮನೆಯಲ್ಲೂ, ಆ ಕಾಗದಕ್ಕೆ ಸಹಿ ಹಾಕಬೇಡಿ, ಮೇಡಂ ಬಲು ಜಂಬದವರು ಎಂದು ಹೇಳಿಕೊಂಡು ಬಂದ. ಅವನ ಮಾತಿಗೆ ಬೆಲೆಯಿತ್ತು. ವಾರದೊಳಗೆ ನಲವತ್ತಕ್ಕೂ ಹೆಚ್ಚು ಮನೆಯವರು ಹಿಂದೆ ಸರಿದರು.

ಅದಾದ ಮೇಲಿನ ಮಂಗಳವಾರ ಮಧ್ಯಾಹ್ನ ಮಳೆ ಸುರಿಯಿತು. ಗಾಳಿಗೆ ಇರಚಲು ಒಳಗೆ ಬರುತ್ತದೆಂದು ಆರನೇ ತರಗತಿಯ ಕಬ್ಬಿಣದ ಬಾಗಿಲನ್ನು ಮುಚ್ಚಿದ್ದರು. ಟೀಚರ್ ಹಾಜರಿ ಪುಸ್ತಕ ತರಲು ಹೋಗಿ ಮರಳಿ ಬಂದು ಬಾಗಿಲಿಗೆ ಕೈ ಹಾಕಿದರು. ಹಾಕಿದ್ದೇ ತಡ, ಯಾರೋ ಎತ್ತಿ ಎಸೆದಂತೆ ಜಗಲಿಯ ಮೇಲೆ ಬಿದ್ದರು. ಸೀಳಿದ ವೈರೊಂದು ನೆನೆದು ಬಾಗಿಲಿನ ಚೌಕಟ್ಟಿಗೇ ಕರೆಂಟು ಹರಿದಿತ್ತು. ಬಿದ್ದವರ ಬಳಿಗೆ ಮೊದಲು ಓಡಿಬಂದ ಹೆಡ್ ಮೇಡಂ ಆಯಾಳನ್ನು ಫ್ಯೂಸಣ್ಣನ ಅಂಗಡಿಗೆ ಅಟ್ಟಿದರು. ಅದು ಎರಡು ಬೀದಿ ಆಚೆಗಿತ್ತು.

ಅವನು ಬಂದಾಗ ಒಳಗೆ ಮೂವತ್ತೆಂಟು ಮಕ್ಕಳಿದ್ದರು. ಬಾಗಿಲ ಸಂದಿಯಿಂದ ನೀರು ನುಗ್ಗಿ ನೆಲವೆಲ್ಲ ಒದ್ದೆಯಾಗಿತ್ತು. ಕಿಟಕಿಯಲ್ಲಿ ಅಪ್ಪನ ಮುಖ ಕಂಡದ್ದೇ ಮಗಳು ಬೆಂಚಿನಿಂದ ಇಳಿದು ಬಾಗಿಲ ಕಡೆ ಹೆಜ್ಜೆಯಿಟ್ಟಳು.

"ನಿಲ್ಲು ಮಗಳೇ. ಅಲ್ಲೇ ನಿಲ್ಲು. ಹಿಂದಕ್ಕೆ ಹೋಗು."

ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. ಮಗಳು ನಿಂತಳು. ಬಾಗಿಲಿಗೆ ಎರಡು ಮಾರು ಉಳಿದಿತ್ತು. ಎಲ್ಲರೂ ಮರದ ಬೆಂಚುಗಳ ಮೇಲೆ ಕಾಲೆತ್ತಿ ಕೂರಬೇಕು, ಗೋಡೆ, ಕಿಟಕಿ ಏನನ್ನೂ ಮುಟ್ಟಬಾರದು ಎಂದು ಹೇಳಿ ಅವನು ಮೇನ್ ಸ್ವಿಚ್ಚಿನ ಕಡೆ ಓಡಿದ. ಅದರ ಪೆಟ್ಟಿಗೆಗೆ ಬೀಗ ಜಡಿದಿತ್ತು. ಹಿಂದೆ ಫ್ಯೂಸುಗಳು ಕಳವಾಗಿದ್ದಕ್ಕೆ ಕಚೇರಿಯವರೇ ಹಾಕಿಸಿದ ಬೀಗ, ಕೀಲಿಕೈ ಕಚೇರಿಯಲ್ಲಿ. ಹೆಡ್ ಮೇಡಂ ಫೋನ್ ಮಾಡುತ್ತಲೇ ಇದ್ದರು, ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ಅವರು ಫೋನನ್ನು ಕೆಳಗಿಳಿಸಿ, "ಒಡೀರಿ" ಎಂದರು.

ಅವನು ರಬ್ಬರ್ ಕೈಗವಸು ತೊಟ್ಟು ಸುತ್ತಿಗೆ ಎತ್ತಿದ. ಮೂರನೆಯ ಏಟಿಗೆ ಕೊಂಡಿ ಕಿತ್ತು ಬಂತು. ಸ್ವಿಚ್ ಕೆಳಗೆಳೆದು, ಓಡಿಬಂದು, ಕೈಗವಸು ಕಳಚಿ, ಬಾಗಿಲಿಗೆ ಟೆಸ್ಟರ್ ಇಟ್ಟು ನೋಡಿದ. ದೀಪ ಹತ್ತಲಿಲ್ಲ. ಆದರೂ ಮೊದಲು ತಾನೇ ಕೈಯ ಹಿಂಬದಿಯಿಂದ ಮುಟ್ಟಿ ಖಚಿತ ಮಾಡಿಕೊಂಡು ಆಮೇಲೆ ಬಾಗಿಲು ತೆರೆದ. ಮಕ್ಕಳು ಒಬ್ಬೊಬ್ಬರಾಗಿ ಹೊರಗೆ ಬಂದರು. ಟೀಚರ್‌ಗೆ ಮೊಣಕೈ ಮುರಿದಿತ್ತು, ಜೀವ ಉಳಿದಿತ್ತು.

ನಾಲ್ಕನೆಯ ದಿನ ಕಚೇರಿಯಿಂದ ನೋಟಿಸು ಬಂತು. ಸರಕಾರಿ ಬೀಗ ಒಡೆದವರು ಯಾರು, ಏಕೆ ಎಂದು ಕೇಳಿದ್ದರು. ಸುದ್ದಿ ತಿಳಿದ ಫ್ಯೂಸಣ್ಣ, ಒಡೆದವನು ನಾನು, ನನ್ನ ಹೆಸರೇ ಬರೆಯಿರಿ ಎಂದು ಹೇಳಲು ಶಾಲೆಗೆ ಹೋದ. ಅಷ್ಟರಲ್ಲಿ ಉತ್ತರ ಹೋಗಿಯಾಗಿತ್ತು. ಮೇಡಂ ಅದರ ಪ್ರತಿ ತೋರಿಸಿದರು. 'ನನ್ನ ಆದೇಶದಂತೆ ಒಡೆಯಲಾಗಿದೆ, ಹೊಣೆ ನನ್ನದು' ಎಂದಷ್ಟೇ ಬರೆದು ಸಹಿ ಮಾಡಿದ್ದರು. ಪಕ್ಕದಲ್ಲೇ ಒಂದು ಕಡತವಿತ್ತು. ಅದರಲ್ಲಿ ವೈರಿಂಗ್ ರಿಪೇರಿಗೆ ಅವರು ಬರೆದ ಏಳು ಪತ್ರಗಳಿದ್ದವು. ಎರಡಕ್ಕೆ ಮಾತ್ರ ಉತ್ತರ ಬಂದಿತ್ತು: 'ಪರಿಶೀಲನೆಯಲ್ಲಿದೆ.' ನಡುವೆ, ಯಾರೂ ಕೇಳದ ಇಪ್ಪತ್ತು ಕಬ್ಬಿಣದ ಬೀರುಗಳು ಕಚೇರಿಯಿಂದ ಬಂದು ಜಗಲಿ ತುಂಬಿದ್ದವು.

"ನಿಮ್ಮನ್ನ ಅವತ್ತು ವಾಪಸ್ ಕಳಿಸಿದ್ದು ನಾನು," ಎಂದರು ಮೇಡಂ. "ರೂಲ್ಸ್ ಪ್ರಕಾರ ಸರಿನೇ. ಆದ್ರೆ ಆ ಮಂಗಳವಾರದಿಂದ ನಿದ್ದೆ ಬಂದಿಲ್ಲ."

ತಾನೂ ನಲವತ್ತು ಮನೆಯವರನ್ನು ವಾಪಸ್ ಕಳಿಸಿದ್ದೇನೆ ಎಂಬುದು ಫ್ಯೂಸಣ್ಣನಿಗೆ ನೆನಪಾಯಿತು. ಸಭೆಗೆ ಮೂರೇ ದಿನ ಉಳಿದಿತ್ತು.

ಅಂದು ಸಂಜೆಯಿಂದಲೇ ಅವನು ಅದೇ ಮನೆಗಳ ಬಾಗಿಲು ತಟ್ಟಿದ. ಕೆಲವರು ನಕ್ಕರು. ಅವರಲ್ಲೊಬ್ಬ ಹಜಾಮ ಮಾತ್ರ ನೇರವಾಗಿ ಕೇಳಿದ: "ಹೋದ ವಾರ ಬೇಡ ಅಂದೆ, ಈ ವಾರ ಬೇಕು ಅಂತೀಯ. ನಿನ್ನ ನಾಲಿಗೆಗೆ ಎಲುಬಿಲ್ವೇನೋ?" ಫ್ಯೂಸಣ್ಣನಿಗೆ ಸಿಟ್ಟು ಬರಲಿಲ್ಲ. ತಪ್ಪು ಹೇಳಿದ್ದೆ, ಅದನ್ನೇ ಹೇಳೋಕೆ ಬಂದಿದ್ದೀನಿ ಎಂದ. ಎರಡನೆಯ ದಿನ ಹೆಂಡತಿಯೂ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಜೊತೆಗೆ ಹೊರಟಳು. ಇದು ಊರ ಉಸಾಬರಿಯಲ್ಲ, ನಮ್ಮ ಮಗಳ ಉಸಾಬರಿ ಎಂದಳು. ಹೆಂಗಸರಿಗೆ ಅವಳ ಮಾತೇ ಹೆಚ್ಚು ನಾಟಿತು.

ಸಭೆಯಲ್ಲಿ ಮೇಡಂ ಮಾತು ಮುಗಿಸಿದಾಗ ಮೊದಲು ಎದ್ದು ಪ್ರಶ್ನೆ ಕೇಳಿದವನೂ ಫ್ಯೂಸಣ್ಣನೇ. ಎರಡು ಸಹಿ ಇರುತ್ತದೆಯೇ, ಲೆಕ್ಕ ಗೇಟಿನ ಮೇಲೆ ಅಂಟಿಸುತ್ತೀರಾ, ತುರ್ತಿಗೆ ಎಷ್ಟು ಎತ್ತಿಡುತ್ತೀರಿ, ತಪ್ಪು ಕಂಡರೆ ಯಾರ ಬಳಿ ದೂರು ಕೊಡಬೇಕು ಎಂದು ಒಂದೊಂದಾಗಿ ಕೇಳಿದ. ಒಂದಕ್ಕೆ ಉತ್ತರ ಸಾಲದೆನಿಸಿ ಮತ್ತೆ ಕೇಳಿದ. ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆಸಿದ ಮೇಲೆಯೇ ಸಹಿ ಹಾಕಿದ. ಬೇಕಿದ್ದದ್ದು ನೂರ ಎಂಬತ್ತು ಸಹಿ. ಕತ್ತಲಾಗುವ ಹೊತ್ತಿಗೆ ನೂರ ಎಂಬತ್ತಾರಾಯಿತು. ಹಜಾಮ ಕೊನೆಗೂ ಹಾಕಲಿಲ್ಲ. ಒಂದು ವರ್ಷ ನೋಡ್ತೀನಿ ಎಂದ.

ಖರ್ಚಿನ ಸಮಿತಿಗೆ ಫ್ಯೂಸಣ್ಣನನ್ನು ಆರಿಸಿದರು. ಸಮಿತಿಯಲ್ಲಿರುವವರು ಶಾಲೆಯ ಕೆಲಸದ ಗುತ್ತಿಗೆ ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ವೈರಿಂಗ್ ಕೆಲಸ ಅವನ ಎದುರಾಳಿ ವೈರ್‌ಮನ್‌ಗೆ ಸಿಕ್ಕಿತು. ಹೊಟ್ಟೆ ಸ್ವಲ್ಪ ಉರಿಯಿತೆಂದು ಅವನೇ ಹೆಂಡತಿಯ ಬಳಿ ಹೇಳಿಕೊಂಡ. ಆದರೆ ಸೋರಿದ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗ್ ಗುಂಡಿಯ ಆಳ ಸಾಲದು ಎಂದು ಎರಡನೆಯ ಸಲ ತೋಡಿಸಿದವನೂ ಅವನೇ. ಹಣ ಬಂದ ಹನ್ನೊಂದನೆಯ ದಿನಕ್ಕೆ ಹೊಸ ವೈರು ಎಳೆದು ಮುಗಿದಿತ್ತು. ಗೋಡೆಗೆ ಬಣ್ಣ ಬಳಿಯುವುದನ್ನು ಮುಂದಿನ ವರ್ಷಕ್ಕೆ ತಳ್ಳಬೇಕಾಯಿತು. ಅದಕ್ಕೆ ಮೇಡಂಗೂ ಅವನಿಗೂ ಒಂದು ಸಣ್ಣ ಜಟಾಪಟಿಯೂ ಆಯಿತು. ಆಗಲಿ. ಆ ಜಗಳ ಶಾಲೆಯ ಒಳಗೇ, ಎಲ್ಲರ ಎದುರಿಗೇ ನಡೆಯಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗುವಿನ ತರಗತಿಯೊಳಗೆ ನೀವು ಕೊನೆಯ ಸಲ ಕಾಲಿಟ್ಟದ್ದು ಯಾವಾಗ? ಈ ವಾರ ಒಮ್ಮೆ ಹೋಗಿ ಬನ್ನಿ. ನಲ್ಲಿ ತಿರುಗಿಸಿ ನೋಡಿ, ಮೇಲೆ ಸೂರು ನೋಡಿ, ಸ್ವಿಚ್ ಬಗ್ಗೆ ಮಕ್ಕಳನ್ನೇ ಕೇಳಿ. ಶಾಲೆಯ ಹಣವನ್ನು ಶಾಲೆಯೇ ಖರ್ಚು ಮಾಡುವ ಅವಕಾಶ ನಿಮ್ಮಲ್ಲಿಗೂ ಬಂದರೆ ಸುಮ್ಮನೆ ತಲೆಯಾಡಿಸಬೇಡಿ, ಸುಮ್ಮನೆ ಬೇಡವೆನ್ನಲೂ ಬೇಡಿ. ಸಭೆಗೆ ಹೋಗಿ. ಪ್ರಶ್ನೆ ಕೇಳಿ, ಉತ್ತರ ಬರೆಸಿ, ಆಮೇಲೆ ಸಹಿ ಹಾಕಿ. ಹಾಕಿದ ಮೇಲೆ ಮನೆಗೆ ಹೋಗಿ ಮಲಗಬೇಡಿ, ತಿಂಗಳಿಗೊಮ್ಮೆಯಾದರೂ ಗೇಟಿನ ಮೇಲಿನ ಲೆಕ್ಕ ಓದಿ. ಓದಲು ಬಾರದಿದ್ದರೆ ಮಗಳಿಂದ ಓದಿಸಿಕೊಳ್ಳಿ. ಅದು ಅವಳ ಶಾಲೆ, ಅವಳಿಗೂ ತಿಳಿದಿರಲಿ.