ಎಂಟಂಕಿಯ ಚಲುವಯ್ಯ

“ಅಣ್ಣಾ, ಎರಡು ಅಂಕಿ ಬಿಟ್ಟೋಗಿದೆ,” ಎಂದು ಮಾಹಿರಾ ಮೌಸ್ ಮೇಲಿನ ಕೈ ತಡೆದಳು. ಹಲಸೂರಿನ ಆ ಫ್ಲೆಕ್ಸ್ ಅಂಗಡಿಯ ಪರದೆಯ ಮೇಲೆ ಚಲುವಯ್ಯನ ಫೋಟೋ, ಕೆಳಗೆ ೭೩೯೩೯೧೩೩.

“ಫೋನ್ ನಂಬರ್ ಅಲ್ಲಮ್ಮ ಅದು. ಹಂಗೇ ಹಾಕು,” ಎಂದ ಮಗ ಸೂರ್ಯ.

ಸೋದರಮಾವ ಮುನಿಯಲ್ಲಪ್ಪನಿಗೆ ತಲೆ ಕೆಟ್ಟಿತು. “ಭಾವನ ಹೆಣ ಮನೆ ಮುಂದೆ ಕಾಯ್ತಿದೆ, ನೀನು ಲಾಟ್ರಿ ನಂಬರ್ ಹಾಕಿಸ್ತಿದ್ದೀಯಾ? ತೆಗೆಸು. ಆ ಜಾಗದಲ್ಲಿ ನಮ್ಮ ಲೀಡರ್ ಫೋಟೋ ಬರ್ಲಿ. ನಾಲ್ಕು ಜನ ನಿಂತು ನೋಡ್ತಾರೆ.”

“ಯಾಕೆ ಮಾವ, ಸತ್ತಿರೋದು ಅವ್ರಾ?”

ಮಾಹಿರಾ ತುಟಿ ಕಚ್ಚಿ ನಗು ನುಂಗಿದಳು. ಸೂರ್ಯ ನಗಲಿಲ್ಲ. ಗರುಡಾಚಾರ್‌ಪಾಳ್ಯದ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದ ಅಪ್ಪನಿಗೆ ಬೀದಿಯವರು ಇಟ್ಟಿದ್ದ ಹೆಸರು ‘ಲೆಕ್ಕದ ಹುಚ್ಚ’. ಏನು ಹುಚ್ಚೆಂದು ಒಬ್ಬನೂ ಕೇಳಿರಲಿಲ್ಲ. ಇವತ್ತು ಓದಲಿ, ಕತ್ತೆತ್ತಿ ಓದಲಿ.

*

ಎಂಟನೇ ಕ್ಲಾಸಿನ ಲೆಕ್ಕದಲ್ಲಿ ಡುಮ್ಕಿ ಹೊಡೆದು ಸೂರ್ಯ ಸ್ಕೂಲು ಬಿಟ್ಟ ದಿನ ಚಲುವಯ್ಯ ಬೈಯಲಿಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಂಟಂಕಿ ಬರೆದ.

“ಒಂದು, ಆಮೇಲೆ ಇದೇ ನಂಬರು, ಇವೆರಡು ಬಿಟ್ಟು ಯಾವುದ್ರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ ಕಣೋ.” ಬಲತುದಿಯ ಮೂರನ್ನು ಅಂಗೈಯಲ್ಲಿ ಒರೆಸಿದ. “ಈಗ್ಲೂ ಒಡೆಯಲ್ಲ.” ಇನ್ನೊಂದನ್ನು ಒರೆಸಿದ. “ಈಗ್ಲೂ ಇಲ್ಲ.” ಒರೆಸುತ್ತ ಒರೆಸುತ್ತ ಏಳೊಂದೇ ಉಳಿಯಿತು. “ಇದನ್ನ ಒಡಿ, ನೋಡಾಣ.”

“ಬಲಕ್ಕೆ ಇನ್ನೊಂದು ಸೇರಿಸಿದ್ರೆ?”

“ಯಾವ ಅಂಕಿ ಸೇರಿಸಿದ್ರೂ ಒಡೆದೋಗುತ್ತೆ. ಕಿತ್ಕೊಂಡ್ರೆ ಬಗ್ಗಲ್ಲ, ಕೊಡಕ್ಕೆ ಬಂದ್ರೆ ಬೇಕಾಗಿಲ್ಲ.”

ಬೋಂಡಾ ಕಟ್ಟಿಕೊಟ್ಟ ಪೇಪರಿನಲ್ಲಿ ಅದನ್ನು ಓದಿದ್ದನಂತೆ. “ಪೇಪರ್‌ನೋರು ಹೇಳಿದ್ದೆಲ್ಲಾ ನಂಬಕ್ಕಾಗುತ್ತಾ?” ಎಂದು ಟೀ ಬಿಡುವಿನಲ್ಲಿ, ಹರಿದ ರಟ್ಟುಗಳ ಮೇಲೆ, ಸಾವಿರಕ್ಕೂ ಮಿಕ್ಕಿ ಭಾಗಾಕಾರಗಳನ್ನು ತಾನೇ ಮಾಡಿ ನೋಡಿದ್ದ. ಎರಡು ವರ್ಷ ಹಿಡಿದಿತ್ತು.

*

ಮೂರು ಗಂಟೆಗೆ ಚಟ್ಟ ಎದ್ದಿತು. ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ನಿಂತಿತ್ತು: ಚಲುವಯ್ಯ, ಎಂಟಂಕಿ, ಕೆಳಗೆ ‘ಒಡೆದು ತೋರಿಸಿ’ ಎಂಬ ಒಂದೇ ಸಾಲು. ಲೀಡರ್ ಇರಲಿಲ್ಲ.

“ಬಿಚ್ಚಿಸೋ ಅದನ್ನ! ಮಾನ ಹೋಗುತ್ತೆ,” ಎಂದು ಮುನಿಯಲ್ಲಪ್ಪ ಕಂಬದ ಹಗ್ಗಕ್ಕೆ ಕೈ ಹಾಕಿದ.

ಸೂರ್ಯ ಬಾಯಿ ತೆರೆಯುವ ಮೊದಲೇ ಅವನ ತಾಯಿ ಪಿಳ್ಳಮ್ಮ ತಮ್ಮನ ಮಣಿಕಟ್ಟು ಹಿಡಿದಳು. ಬೆಳಗಿನಿಂದ ಅತ್ತಿದ್ದಳು, ಹಿಡಿತ ಮಾತ್ರ ಸಡಿಲವಿರಲಿಲ್ಲ.

“ಒಡೆಯಕ್ಕಾದ್ರೆ ಒಡಿ ಕಣೋ. ಆಮೇಲೆ ಬಿಚ್ಚು.”

“ಅದೇನು ಮಹಾ!” ಮುನಿಯಲ್ಲಪ್ಪ ಫೋನ್ ತೆಗೆದ. ಏಳರಿಂದ ಭಾಗಿಸಿದ. ಹನ್ನೊಂದರಿಂದ. ಹದಿಮೂರರಿಂದ. ತಮಟೆ ಜೋರಾಯಿತು, ಚಟ್ಟ ಸರಿಯಿತು, ಹೆಗಲು ಕೊಡುವ ಸರದಿ ಅವನಿಗೂ ಬಂತು.

“ಮಾವ, ಹೆಜ್ಜೆ ತಪ್ತಿದೆ,” ಎಂದು ಮುಂದಿನಿಂದ ಸೂರ್ಯ ಕೂಗಿದ.

“ತಡಿಯೋ!”

ಕಲ್ಪಳ್ಳಿ ಸ್ಮಶಾನದ ಗೇಟಿನಲ್ಲಿ, ಎಡಹೆಗಲ ಮೇಲೆ ಭಾವನನ್ನು ಹೊತ್ತ ಮುನಿಯಲ್ಲಪ್ಪ, ಬಲಗೈ ಹೆಬ್ಬೆರಳಿನಿಂದ ನಲವತ್ತಮೂರು ಒತ್ತುತ್ತಿದ್ದ.