ಉಡುಪಿನೊಳಗೆ

ಅಕ್ಕತಂಗಿಯರಿಬ್ಬರೂ ರಾಕೆಟ್ ಹಾರಿಸುವ ಖಾಸಗಿ ಕಂಪನಿಯೊಂದರಲ್ಲಿ ಬಾಹ್ಯಾಕಾಶದ ಉಡುಪು ಹೊಲಿಯುವ ವಿಭಾಗದಲ್ಲಿದ್ದರು. ಅಕ್ಕ ಬಟ್ಟೆ ಕತ್ತರಿಸುತ್ತಿದ್ದಳು, ತಂಗಿ ಹೊಲಿಯುತ್ತಿದ್ದಳು. ತಂಗಿ ನೋಡಲು ಪುಟ್ಟ ಆಳು. ಹಾಗಾಗಿ ಮನೆಯಲ್ಲೂ ಕೆಲಸದಲ್ಲೂ ಎಲ್ಲರಿಗೂ ಅವಳು ಪುಟ್ಟಿ. ಮೂವತ್ತೆಂಟು ದಾಟಿದರೂ ಪುಟ್ಟಿಯೇ.

ಆ ವರ್ಷ ಕಂಪನಿಯ ರಾಕೆಟ್‌ನಲ್ಲಿ ಮೊದಲ ಸಲ ಒಬ್ಬರು ಪ್ರಯಾಣಿಕರು ಹೋಗುವುದಿತ್ತು. ಬಿಸ್ಕತ್ತು ಕಾರ್ಖಾನೆಯ ಒಡತಿ, ಐವತ್ತರ ಆಸುಪಾಸಿನ ಹೆಂಗಸು. ಅವರ ಅಳತೆಗೆಂದೇ ಎಂಟು ತಿಂಗಳು ಕೂತು ಒಂದು ಉಡುಪು ಹೊಲಿದಿದ್ದರು, ಒಂದರ ಮೇಲೊಂದು ಐದು ಪದರ. ಗಾಳಿ ತುಂಬಿ ಪರೀಕ್ಷೆ ಮಾಡುವಾಗ ಒಳಗೊಬ್ಬರು ಇರಬೇಕಿತ್ತು. ಒಡತಿಗೆ ಬಿಡುವಿರಲಿಲ್ಲ. ಇಡೀ ಕಟ್ಟಡದಲ್ಲಿ ಅವರ ಅಳತೆಗೆ ಸರಿಹೊಂದಿದ್ದು ಪುಟ್ಟಿಯೊಬ್ಬಳೇ. ನಿನ್ನ ಕುಳ್ಳತನ ಕೊನೆಗೂ ಒಂದು ಕೆಲಸಕ್ಕೆ ಬಂತಲ್ಲ ಎಂದು ಅಕ್ಕ ನಗಾಡಿದಳು.

ಬೆಳಿಗ್ಗೆ ಹತ್ತಕ್ಕೆ ಗಾಜಿನ ಕೋಣೆಯಲ್ಲಿ ಅವಳಿಗೆ ಉಡುಪು ತೊಡಿಸಿ, ತಲೆಯ ಮೇಲೆ ಶಿರಸ್ತ್ರಾಣವಿಟ್ಟು, ಕತ್ತಿನ ಉಂಗುರ ತಿರುಗಿಸಿ ಬಿಗಿ ಮಾಡಿದರು. ಉಸಿರಾಟಕ್ಕೆ ಒಂದು ಕೊಳವೆ, ಮೈ ತಂಪಾಗಿಡಲು ತಣ್ಣೀರಿನ ಇನ್ನೊಂದು ಕೊಳವೆ. ಎರಡು ಗಂಟೆ ಅವಳು ಅವರು ಹೇಳಿದಂತೆ ಕೈ ಎತ್ತಿದಳು, ಮಂಡಿ ಮಡಚಿದಳು. ಎಲ್ಲೂ ಗಾಳಿ ಸೋರಲಿಲ್ಲ. ಹೊರಗೆ ಚಪ್ಪಾಳೆ ಬಿತ್ತು. ತಣ್ಣೀರಿನ ಪಂಪು ನಿಲ್ಲಿಸಿ, ಗಾಳಿ ಇಳಿಸಿ, ಉಂಗುರ ಬಿಚ್ಚಲು ಹೋದರೆ ಅದು ಜಪ್ಪಯ್ಯ ಎಂದರೂ ತಿರುಗಲಿಲ್ಲ.

ಮೊದಲು ಪುಟ್ಟಿಗೆ ನಗು ಬಂತು. ಒಬ್ಬರಾದ ಮೇಲೊಬ್ಬರು ಬಂದು ಅವಳ ಕತ್ತನ್ನು ಡಬ್ಬಿಯ ಮುಚ್ಚಳದಂತೆ ತಿರುಚಿದರು. ಆಮೇಲೆ ಎಲ್ಲರೂ ಹೊರಗೆ ಹೋಗಿ ಮಾತಿಗೆ ನಿಂತರು. ಆ ಮಾತೆಲ್ಲ ಅವಳ ಕಿವಿಯಲ್ಲಿದ್ದ ಯಂತ್ರಕ್ಕೆ ಬರುತ್ತಿತ್ತು. ಅವಳ ಮಾತು ಮಾತ್ರ ಅವರಿಗೆ ಹೋಗುತ್ತಿರಲಿಲ್ಲ. ಬೆವರು ಇಳಿದು ಬಾಯಿಯ ಹತ್ತಿರದ ಮೈಕು ಸತ್ತಿತ್ತು.

ಸೆಕೆ ಏರತೊಡಗಿತು. ಬೆನ್ನಿನಿಂದ ಇಳಿದ ಬೆವರು ಬೂಟಿನಲ್ಲಿ ನಿಂತಿತು. ಉಸಿರು ಬಿಟ್ಟಾಗಲೆಲ್ಲ ಮುಖದ ಗಾಜು ಮಸುಕಾಗುತ್ತಿತ್ತು. ಒರೆಸಲು ಕೈ ಎತ್ತಿದರೆ ಬೆರಳು ತಗಲುವುದು ಗಾಜಿನ ಆಚೆಗೆ. ಮೂಗಿನ ತುದಿ ತುರಿಸುತ್ತಿತ್ತು. ಅಷ್ಟು ಸಣ್ಣ ತುರಿಕೆಗೆ ತನಗೆ ಅಳು ಬರುತ್ತಿದೆ ಎಂದು ಗೊತ್ತಾದಾಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು. ಪಂಪು ಹಾಕಿ ಎಂದು ಕೂಗಿದಳು. ಕೂಗು ತನ್ನದೇ ಕಿವಿಗೆ ಬಡಿದು ಅಲ್ಲೇ ಉಳಿಯಿತು.

ಹೊರಗೆ ಎಂಜಿನಿಯರು, ಉಸಿರಿನ ಗಾಳಿಯ ಮೀಟರಿನ ಮುಳ್ಳು ಸರಿಯಾಗಿದೆ, ಭಯವೇನಿಲ್ಲ ಎನ್ನುತ್ತಿದ್ದ. ಉಡುಪು ಕತ್ತರಿಸಿದರೆ ಪ್ರಯಾಣವೇ ಮುಂದೆ ಹೋಗುತ್ತದೆ, ಉಂಗುರ ಮಾಡಿದವರನ್ನು ಫೋನಿನಲ್ಲಿ ಹಿಡಿಯೋಣ ಎಂದ ಮೇನೇಜರು. ಇನ್ನು ಹತ್ತೇ ನಿಮಿಷ ಎಂದು ಅವನು ಹೇಳಿದ್ದನ್ನು ಪುಟ್ಟಿ ನಾಲ್ಕು ಸಲ ಕೇಳಿಸಿಕೊಂಡಳು. ಉಂಗುರ, ತಾರೀಖು, ಒಡತಿ ಎಲ್ಲವೂ ಆ ಮಾತಿನಲ್ಲಿ ಬಂದವು. ಅವಳೊಬ್ಬಳು ಬರಲಿಲ್ಲ.

ಊಟದ ಹೊತ್ತಾದರೂ ತಂಗಿ ಬರಲಿಲ್ಲವೆಂದು ಹುಡುಕಿಕೊಂಡು ಅಕ್ಕ ಬಂದಳು. ಗಾಜಿಗೆ ಹಣೆ ಹಚ್ಚಿ ನೋಡಿದಳು. ಮಸುಕಿನಲ್ಲಿ ತಂಗಿಯ ಮುಖ ಕಾಣಲಿಲ್ಲ. ಆದರೆ ಬಲಗೈ ಮೇಲೆದ್ದಿತು. ಎರಡು ದಪ್ಪ ಬೆರಳು ಅಗಲವಾಗಿ, ಕೂಡಿ, ಮತ್ತೆ ಅಗಲವಾದವು. ಯಂತ್ರಗಳ ಗದ್ದಲದಲ್ಲಿ ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿ ರೂಢಿಯಾದವರು. ಕತ್ತರಿ ಕೇಳುತ್ತಿದ್ದಾಳೆಂದು ಅಕ್ಕನಿಗೆ ತಕ್ಷಣ ತಿಳಿಯಿತು.

ಅಕ್ಕ ಓಡಿಹೋಗಿ ಕತ್ತರಿ ತಂದಾಗ ಮೇನೇಜರು ಬಾಗಿಲಿಗೆ ಅಡ್ಡ ನಿಂತ. ನಿನ್ನ ಕೆಲಸ ಹೋಗುತ್ತದೆ ಎಂದ, ಎಂಟು ತಿಂಗಳ ಶ್ರಮ ಎಂದ.

"ಆ ಎಂಟು ತಿಂಗಳೂ ನಮ್ದೇ ಸಾರ್. ದಾರಿ ಬಿಡಿ," ಎಂದಳು ಅಕ್ಕ.

ದನಿ ಏರಿಸಲಿಲ್ಲ. ಅವನು ಯಾಕೋ ದಾರಿ ಬಿಟ್ಟ.

ಹೆಗಲಿನಿಂದ ಸೊಂಟದವರೆಗೆ ಬೆನ್ನಿನ ಹೊಲಿಗೆಗುಂಟ ಅಕ್ಕ ಒಂದೊಂದೇ ಪದರ ಸೀಳಿದಳು. ಪುಟ್ಟಿಗೆ ಕತ್ತರಿಯ ಸದ್ದು ಎಲುಬಿನಲ್ಲೇ ಕೇಳಿಸುತ್ತಿತ್ತು. ಐದನೆಯ ಪದರ ಬಿಟ್ಟುಕೊಂಡಾಗ ಬೆನ್ನಿಗೆ ತಣ್ಣನೆಯ ಗಾಳಿ ಸೋಕಿತು. ತಲೆ ತಗ್ಗಿಸು ಎಂದು ಅಕ್ಕ ಬೆನ್ನಿಗೆ ತಟ್ಟಿದಳು. ಉಂಗುರದಿಂದ ತಲೆ ಕೆಳಗೆಳೆದುಕೊಳ್ಳುವಾಗ ಕಿವಿ ತರಚಿತು, ಒಂದು ಹಿಡಿ ಕೂದಲು ಅಲ್ಲೇ ಉಳಿಯಿತು. ಹೊರಗೆ ಬಿದ್ದವಳು ಅಕ್ಕನ ಸೆರಗು ಹಿಡಿದು ನೆಲದ ಮೇಲೇ ಕೂತುಬಿಟ್ಟಳು. ಬಹಳ ಹೊತ್ತು ಹಿಡಿತ ಸಡಿಲಿಸಲಿಲ್ಲ.

ಮೂರು ದಿನದ ಮೇಲೆ ಒಡತಿ ಬಂದರು. ಸಣ್ಣ ತೊಂದರೆ, ಸರಿಹೋಯಿತು ಎಂದಷ್ಟೇ ಹೇಳಬೇಕೆಂದು ಮೇನೇಜರು ಪುಟ್ಟಿಗೆ ಮೊದಲೇ ಕಿವಿಮಾತು ಹೇಳಿದ್ದ. ಒಡತಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತು, "ಒಳಗೆ ಹೇಗಿತ್ತು?" ಎಂದು ಕೇಳಿದರು.

ಪುಟ್ಟಿ ಒಮ್ಮೆ ಮೇನೇಜರನ್ನು ನೋಡಿದಳು.

"ಇವರೆಲ್ಲ ಮಾತಾಡೋದು ಕೇಳಿಸ್ತಾ ಇತ್ತಮ್ಮ. ಒಳಗೊಬ್ಬಳು ಇದಾಳೆ ಅನ್ನೋದು ಯಾರಿಗೂ ನೆನಪಿದ್ದ ಹಾಗೆ ಇರ್ಲಿಲ್ಲ. ನಿಮಗೆ ಹಾಗಾದ್ರೆ ಅಲ್ಲಿ ಮೇಲೆ ನಮ್ಮಕ್ಕ ಇರಲ್ಲ."

ಒಡತಿಯ ಮುಖದ ಬಣ್ಣ ಇಳಿಯಿತು. ಉಂಗುರವನ್ನು ಒಳಗಿರುವವರೇ ಎಳೆದು ಬಿಚ್ಚಿಕೊಳ್ಳುವ ಹಾಗೆ ಮಾಡುವವರೆಗೆ ತಾನು ಹೊರಡುವುದಿಲ್ಲ ಎಂದರು. ಪ್ರಯಾಣ ಏಳು ತಿಂಗಳು ಮುಂದೆ ಹೋಯಿತು. ಅಕ್ಕನ ಕೈಯಳತೆ ಬೇರೆಯವರಿಗೆ ಬರುವಂಥದ್ದಲ್ಲ, ಕೆಲಸದಿಂದ ತೆಗೆಯಲಾಗಲಿಲ್ಲ. ಆದರೆ ಮೇಜು ಬದಲಿಸಿ ಮೇಲಿನ ಮಹಡಿಗೆ ಹಾಕಿದರು. ಹನ್ನೊಂದು ವರ್ಷ ಅಕ್ಕಪಕ್ಕ ಕೂತವರಿಗೆ ಈಗ ಕೆಲಸದ ಹೊತ್ತಿನಲ್ಲಿ ಮಧ್ಯಾಹ್ನ ಅರ್ಧ ಗಂಟೆ ಮುಖ ಕಂಡರೆ ಹೆಚ್ಚು.

ಹೊಸ ಉಡುಪು ಸಿದ್ಧವಾದಾಗ ಪುಟ್ಟಿಯನ್ನೇ ಮತ್ತೆ ಕರೆದರು. ಹೊಲಿಯುತ್ತೇನೆ, ಹಾಕಿಕೊಳ್ಳುವುದಿಲ್ಲ ಎಂದು ಅವಳು ನಿಂತಲ್ಲೇ ಹೇಳಿಬಿಟ್ಟಳು. ಪರೀಕ್ಷೆಗೆ ಒಡತಿಯೇ ನಿಂತರು. ಒಂದು ವಸಂತದ ಬೆಳಿಗ್ಗೆ ಅವರು ಮೇಲೆ ಹೋಗಿ, ನಾಲ್ಕನೆಯ ದಿನ ಸುಖವಾಗಿ ಇಳಿದರು. ಎಲ್ಲ ಕೆಲಸಗಾರರೂ ಸಭಾಂಗಣದ ಪರದೆಯ ಮೇಲೆ ನೋಡಿ ಕುಣಿದಾಡಿದರು.

ಸಭಾಂಗಣದ ಬಾಗಿಲು ಹಾಕುತ್ತಾರೆಂದು ಪುಟ್ಟಿ ಒಳಗೆ ಹೋಗಲೇ ಇಲ್ಲ. ಈಚೆಗೆ ಅವಳು ಲಿಫ್ಟು ಹತ್ತುವುದಿಲ್ಲ, ಸ್ನಾನಕ್ಕೆ ಚಿಲಕ ಹಾಕುವುದಿಲ್ಲ. ಆ ಸಂಜೆ ಕಂಪನಿಯ ಬಸ್ಸಿನ ಬಾಗಿಲು ಮುಚ್ಚುವ ಮೊದಲೇ ಇಳಿದು, ನಡೆದೇ ಹೋಗೋಣ ಎಂದಳು. ದೂರ ಎಷ್ಟು ಗೊತ್ತಾ ಎಂದು ಗೊಣಗುತ್ತಾ ಅಕ್ಕನೂ ಇಳಿದಳು.