ಕೆಂಪು ದೀಪದ ಪುಟಕ್ಕೆ ಹೋಗುವ ದಾರಿ

ಬೋರಿನ ಮೋಟಾರನ್ನು ಮೊಬೈಲಿನಿಂದಲೇ ಹಚ್ಚಿ ಆರಿಸುವ ಒಂದು ಡಬ್ಬಿ ಇದೆ. ಅದರ ತಂತ್ರಾಂಶ ಒಬ್ಬರ ಸ್ವತ್ತಲ್ಲ, ಯಾರು ಬೇಕಾದರೂ ತಿದ್ದಬಹುದು. ಮೊಬೈಲಿನಲ್ಲೇ ತೆರೆದು ಓದುವ ಅದರ ಕನ್ನಡದ ಕೈಪಿಡಿಯನ್ನು ಬರೆಯುವವನು ಆಲಮೇಲದ ರೈತ ಶ್ರೀಶೈಲ. ಅದರೊಳಗಿನ ‘ಇಲ್ಲಿ ಒತ್ತಿ’ ಎಂಬ ಕೊಂಡಿಗಳೆಲ್ಲ ಸರಿಯಾದ ಪುಟ ಮುಟ್ಟುವಂತೆ ಕಾಯುವವಳು ಸಿಂದಗಿಯ ತರನ್ನುಮ. ಗಂಡನ ಮೋಟಾರು ರಿಪೇರಿ ಅಂಗಡಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂಡುತ್ತಾಳೆ. ಕೊಂಡಿ ಸರಿಯಿದ್ದ ದಿನ ಅವಳ ನೆನಪು ಯಾರಿಗೂ ಬರುವುದಿಲ್ಲ.

ಅವತ್ತು ಆ ಡಬ್ಬಿ ಕೂಡಿಸಿಕೊಂಡಿದ್ದ ಮೋರಟಗಿಯ ರೈತ ಇಬ್ರಾಹಿಂಸಾಬ ಫೋನು ಮಾಡಿದ.

“ಬೇಟಿ, ಡಬ್ಬಿ ಮ್ಯಾಲ ಕೆಂಪ ದೀಪ ಮಿಣಿಮಿಣಿ ಅನ್ನಾಕತ್ತೈತಿ, ಮೋಟಾರ ಚಾಲೂನ ಆಗವಲ್ದು. ಕೈಪಿಡ್ಯಾಗ ಒತ್ತಿದ್ರ ‘ಪುಟ ಸಿಗಲಿಲ್ಲ’ ಅಂತೈತಿ. ಇನ್ನೇನ ತ್ರೀ ಫೇಸ್ ಕರೆಂಟ ಹೋಗೂ ಹೊತ್ತಾತು. ನಿನ್ನೆ ಹಚ್ಚಿದ ಉಳ್ಳಾಗಡ್ಡಿ ಸಸಿ ಬಾಡಾಕತ್ತಾವ.”

ತರನ್ನುಮ ತೆರೆದು ನೋಡಿದಳು. ‘ಕೆಂಪು ದೀಪ ಮಿನುಗಿದರೆ’ ಎಂಬ ತಲೆಬರಹವನ್ನು ಶ್ರೀಶೈಲ ‘ದೋಷ ಪರಿಹಾರ ಕ್ರಮ’ ಎಂದು ಚೆಂದ ಮಾಡಿದ್ದ. ಪುಟದ ವಿಳಾಸ ಹುಟ್ಟುವುದೇ ತಲೆಬರಹದಿಂದ. ಅದು ಬದಲಾದರೆ ವಿಳಾಸವೂ ಬದಲು, ಹಳೆಯ ಕೊಂಡಿಗಳೆಲ್ಲ ಬಯಲಿಗೆ ಬಿದ್ದಂತೆ. ಹಿಂದಿನ ಹಂಗಾಮಿನಲ್ಲೂ ಹೀಗೇ ಮಾಡಿದ್ದ, ಅದರ ಹಿಂದೆಯೂ. ಪ್ರತಿ ಸಲ ಇವಳೇ ಕೂತು ಒಂದೊಂದಾಗಿ ಜೋಡಿಸಿದ್ದಳು.

ಹುಡುಕಾಡಿ ಪುಟ ಹಿಡಿದು ಓದಿ ಹೇಳಿದಳು. “ಎಡಗಡೆ ಗುಂಡಿ ಒತ್ತಿ ಹಿಡೀರಿ ಚಾಚಾ. ದೀಪ ಹಸರ ಆಗೂತನಕ ಬಿಡಬ್ಯಾಡ್ರಿ.”

“ಹಿಡದೇನಿ... ಹಸರ ಆತು! ಆತು ಬೇಟಿ... ಹೋತು.”

“ಏನ್ ಹೋತ್ರಿ?”

“ಕರೆಂಟ.”

ಇಬ್ರಾಹಿಂಸಾಬ ಫೋನಿಟ್ಟ. ತರನ್ನುಮಳಿಗೆ ಮೈ ಉರಿದುಹೋಯಿತು. ಅದೇ ಉರಿಯಲ್ಲಿ ಆಲಮೇಲಕ್ಕೆ ಫೋನು ಹಚ್ಚಿದಳು.

“ಶ್ರೀಶೈಲಣ್ಣ, ತಲೆಬರಹ ಮತ್ತ ಬದಲ ಮಾಡೀರಲ್ರಿ?”

“ಮೊದಲಿಂದು ಹಳ್ಳಿ ಮಾತಾಗಿತ್ರಿ ಅಕ್ಕಾರ. ಓದೂ ಮಂದಿ ನಗಬಾರದಲ್ಲ.”

“ಓದೂ ಮಂದಿಗೆ ಪುಟಾನ ಸಿಗವಲ್ದು, ಇನ್ನ ನಗೂದೆಲ್ಲಿಂದ ಬಂತ್ರಿ!”

“ಕೊಂಡಿ ನೀವು ಸರಿ ಮಾಡ್ತೀರಲ್ಲ ಹೆಂಗಾದ್ರೂ.”

ತರನ್ನುಮಳಿಗೆ ಹೋದ ವರ್ಷ ಅವನ ಹೊಲಕ್ಕೆ ಡಬ್ಬಿ ಕೂಡಿಸಲು ಗಂಡನ ಜೊತೆ ಹೋಗಿದ್ದು ನೆನಪಾಯಿತು.

“ನಿಮ್ಮ ಹೊಲದಾಗಿನ ಕಾಲುದಾರಿ ನೇಗಿಲಾ ಹೊಡದು ಕೆಡಿಸಿದ್ರಿ, ಹೌದಲ್ರಿ? ಹಳೇ ದಾರಿ ಬಾಯಿಗೆ ಜಾಲಿ ಮುಳ್ಳ ಇಟ್ಟಿದ್ರಿ. ಒಡ್ಡಿನ ಮ್ಯಾಲ ಕಲ್ಲಿಗೆ ಸುಣ್ಣಾ ಬಳದು ಹೊಸ ದಾರಿ ತೋರಿಸಿದ್ರಿ. ಮುಳ್ಳು ಕಲ್ಲು ಯಾಕ ಇಟ್ರಿ?”

“ಇಡಲಿಲ್ಲಂದ್ರ ಮಂದಿ ಬೈತಾರಲ್ರಿ! ದಾರಿ ತಿಳೀದ ಬೆಳ್ಯಾಗ ತುಳದಾಡ್ತಾರ.”

“ಮತ್ತ ಕೈಪಿಡ್ಯಾಗ ಯಾಕ ಇಡಂಗಿಲ್ಲ? ಮೋರಟಗಿ ಚಾಚಾ ಬೈಯ್ಯಂಗಿಲ್ಲ ಅಂತೇನು?”

ಶ್ರೀಶೈಲ ಕೆಮ್ಮಿದ. “ಇಡ್ತೇನಿ ಬಿಡ್ರಿ” ಎಂದು ಫೋನಿಟ್ಟ.

ಸ್ವಲ್ಪ ಹೊತ್ತಿಗೆ ಹಳೆಯ ವಿಳಾಸದಲ್ಲಿ ಒಂದು ಸಾಲು ಕಾಣಿಸಿತು: ‘ಈ ಪುಟ ಸರಿದಿದೆ, ಹೀಗೆ ಬನ್ನಿ.’ ಒತ್ತಿದರೆ ನೆಟ್ಟಗೆ ಹೊಸ ಪುಟಕ್ಕೆ ಹೋಯಿತು.

ಸಂಜೆ ಕರೆಂಟು ಬಂದಾಗ ಇಬ್ರಾಹಿಂಸಾಬನೇ ಫೋನು ಮಾಡಿದ. “ನೀರ ಹರೀತು ಬೇಟಿ. ದಂಡಿ ಸಾಲಿನ ಸಸಿ ಒಣಗಿ ಹೋದುವು, ನಡುವಿನವು ಬದುಕ್ಯಾವ. ಕೆಂಪ ದೀಪದ ಪುಟಾನೂ ಈಗ ತಗೀತು. ಆದ್ರ ಅದರ ಬಾಜೂಕ ‘ಕರೆಂಟು ಕಮ್ಮಿ ಇದ್ದರೆ’ ಅಂತ ಐತಲ್ಲ, ಅದು ಎಲ್ಲಿ ಹೋತು?”

ತರನ್ನುಮ ಆ ಕೊಂಡಿ ಒತ್ತಿದಳು. ಪುಟ ಸಿಗಲಿಲ್ಲ. ಅದರ ಕೆಳಗಿನದು ಒತ್ತಿದಳು. ಅದೂ ಇಲ್ಲ. ತಲೆಬರಹಗಳನ್ನೆಲ್ಲ ಬದಲಿಸಿದವನು ಒಂದೇ ಹಳೆಯ ದಾರಿಯ ಬಾಯಿಗೆ ಮುಳ್ಳು ಕಲ್ಲು ಇಟ್ಟು ಉಳಿದವನ್ನು ಹಾಗೇ ಬಿಟ್ಟಿದ್ದ.

ಮತ್ತೆ ಆಲಮೇಲಕ್ಕೆ ಫೋನು ಹಚ್ಚಿದಳು. ಅವನು ‘ಹಲೋ’ ಎನ್ನುವುದಕ್ಕೂ ಬಿಡಲಿಲ್ಲ.

“ಶ್ರೀಶೈಲಣ್ಣ, ನಿಮ್ಮ ಹೊಲಕ್ಕ ಬರೂ ದಾರಿ ಒಂದ ಏನ್ರಿ?”